ಒಂದು ಬಟ್ಟಲು ಸೊಪ್ಪು

ಆಸ್ಪತ್ರೆಯ ಅಡುಗೆಮನೆಯಲ್ಲಿ ಎಲ್ಲರೂ ಅವಳನ್ನು ಸೊಪ್ಪಿನಕ್ಕ ಎಂದೇ ಕರೆಯುತ್ತಿದ್ದರು. ಬೆಳಗಾದರೆ ರಾಶಿ ಸೊಪ್ಪು ಬಿಡಿಸಿ, ತೊಳೆದು, ಬೇಯಿಸಿ, ರೋಗಿಗಳ ತಟ್ಟೆಗೆ ಬಟ್ಟಲಲ್ಲಿ ಅಳೆದು ಹಾಕುವುದು ಅವಳ ಕೆಲಸ. ಹೊಸದಾಗಿ ಸೇರಿದವರಿಗೆ ಕಿವಿ ಹಿಂಡಿ ಕಲಿಸುತ್ತಿದ್ದ ಪಾಠ ಒಂದೇ: ಅನುಮಾನ ಬಂದರೆ ತಟ್ಟೆಗೆ ಹಾಕಬೇಡ. ಯಾರಿಗೆ ಏನು ಆಗದೋ ನಮಗೇನು ಗೊತ್ತು, ಬಿಟ್ಟರೆ ಯಾರೂ ಸಾಯುವುದಿಲ್ಲ ಎನ್ನುತ್ತಿದ್ದಳು. ಇಷ್ಟು ವರ್ಷ ಆ ಮಾತು ಸುಳ್ಳಾಗಿರಲಿಲ್ಲ.

ಅವಳ ಗಂಡ ಬೀಗ ರಿಪೇರಿ ಮಾಡುವವನು. ಬಾಯಿ ತೆರೆದರೆ ತಮಾಷೆ. ಅವನ ಹೃದಯಕ್ಕೆ ಲೋಹದ ಕವಾಟ ಕೂರಿಸಿದ ಡಾಕ್ಟರಮ್ಮ, ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ತೆಳುವಾಗಿಸುವ ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕೆಂದರು. ಸೊಪ್ಪಿನಲ್ಲಿರುವ ಕೆ ವಿಟಮಿನ್ ರಕ್ತ ಹೆಪ್ಪುಗಟ್ಟಿಸಲು ಬೇಕಾದದ್ದು. ಆದ್ದರಿಂದ ಹೆಚ್ಚೂ ಬೇಡ, ಕಡಿಮೆಯೂ ಬೇಡ, ಇಲ್ಲಿ ತಿಂದಂತೆ ದಿನಕ್ಕೊಂದು ಬಟ್ಟಲು ತಿನ್ನಲಿ, ಮಾತ್ರೆಯನ್ನು ಅದಕ್ಕೇ ಹೊಂದಿಸಿದ್ದೇವೆ ಎಂದೂ ಬಿಡಿಸಿ ಹೇಳಿದರು. ಸೊಪ್ಪಿನಕ್ಕ ತಲೆಯಾಡಿಸಿದಳು. ಆದರೆ ಹೆಪ್ಪುಗಟ್ಟುವ ಮಾತು ಕಿವಿಗೆ ಬಿದ್ದ ಮೇಲೆ ಉಳಿದದ್ದು ತಲೆಗೆ ಹತ್ತಲೇ ಇಲ್ಲ. ಮನೆಗೆ ಬಂದವಳೇ ಸೊಪ್ಪು ಹೊಸ್ತಿಲು ದಾಟದಂತೆ ನೋಡಿಕೊಂಡಳು. ಊರಿಗೆಲ್ಲ ಸೊಪ್ಪು ಬಡಿಸುವವಳ ಗಂಡನಿಗೆ ಒಂದೆಲೆಗೂ ಗತಿಯಿಲ್ಲ ಎಂದು ಅವನು ರೇಗಿಸುತ್ತಿದ್ದ.

ಅಷ್ಟರಲ್ಲಿ ಅವನ ದವಡೆ ಊದಿತು. ಮಹಾಶಯ ಪಕ್ಕದ ಬೀದಿಯ ಕ್ಲಿನಿಕ್ಕಿಗೆ ಒಬ್ಬನೇ ಹೋಗಿ, ರಕ್ತದ ಮಾತ್ರೆಯ ಸುದ್ದಿಯನ್ನೇ ಎತ್ತದೆ, ಕೀವಿಗೆಂದು ಆಂಟಿಬಯೋಟಿಕ್ ಬರೆಸಿಕೊಂಡು ಬಂದ. ಊತ ಇಳಿಯಿತು. ಆದರೆ ಹಲ್ಲುಜ್ಜಿದರೆ ಬೇಸಿನ್ನೆಲ್ಲ ಕೆಂಪಾಗತೊಡಗಿತು. ಹಲ್ಲಿನದೇ ಇರಬೇಕೆಂದು ಅವಳು ಸಮಾಧಾನ ಮಾಡಿಕೊಂಡಳು. ಮೊಣಕೈಯಲ್ಲಿ ನೀಲಿ ಕಲೆ ಎದ್ದಾಗ ಬಾಗಿಲು ತಗುಲಿತೆಂದು ಅವನೆಂದ. ಬೆನ್ನಿನ ಮೇಲೂ ಅಂಥದೇ ಕಲೆ ಕಂಡಾಗ, ಇದಕ್ಕೂ ಬಾಗಿಲೇ ತಗುಲಿತಾ ಎಂದು ಅವಳು ಕೇಳಿದಳು.

ಮರುದಿನ ತಿಂಡಿಗೆ ಕೂತಿದ್ದಾಗಲೇ ಅವನ ಮೂಗಿನಿಂದ ರಕ್ತ ಇಳಿಯಿತು. ಅದುಮಿ ಹಿಡಿದರೂ ನಿಲ್ಲಲಿಲ್ಲ. ಟವೆಲು ತೊಯ್ದು ಹೋಗಿ ಇನ್ನೊಂದು ತಂದಳು, ಅದೂ ತೊಯ್ದಿತು. ಅವನು ಒಂದೂ ತಮಾಷೆ ಮಾಡಲಿಲ್ಲ. ರಕ್ತಕ್ಕಿಂತ ಅದಕ್ಕೇ ಅವಳು ಹೆಚ್ಚು ಹೆದರಿದಳು.

ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಮೂಗಿಗೆ ಹತ್ತಿ ತುರುಕುತ್ತಲೇ ಯಾವ ಮಾತ್ರೆ, ಏನು ಊಟ ಎಂದೆಲ್ಲ ಕೇಳಿದರು. ಸೊಪ್ಪಿನಕ್ಕ ಹಲ್ಲಿನ ಮಾತ್ರೆಯ ವಿಷಯ ಹೇಳಿ, ಗಟ್ಟಿ ದನಿಯಲ್ಲೇ ಸೇರಿಸಿದಳು: "ಸೊಪ್ಪು ಮಾತ್ರ ಎಳ್ಳಷ್ಟೂ ಕೊಟ್ಟಿಲ್ಲ ಡಾಕ್ಟ್ರೇ. ನಾನೇ ಕಾವಲು ಕೂತಿದ್ದೆ."

ಡಾಕ್ಟರಮ್ಮನ ಕೈ ನಿಂತಿತು. "ಪೂರ್ತಿ ನಿಲ್ಲಿಸಿಬಿಟ್ರಾ?"

ಕರುಳಿನ ಬ್ಯಾಕ್ಟೀರಿಯಾಗಳೂ ಅದೇ ವಿಟಮಿನ್ನನ್ನು ಅಷ್ಟಿಷ್ಟು ತಯಾರಿಸುತ್ತವಂತೆ. ಹಲ್ಲಿನ ಔಷಧಿ ಕೀವಿನ ಕ್ರಿಮಿಗಳ ಜೊತೆ ಅವನ್ನೂ ಕೊಂದಿತ್ತು. ಇತ್ತ ತಟ್ಟೆಯಲ್ಲೂ ಸೊಪ್ಪಿಲ್ಲ. ರಕ್ತದ ಮಾತ್ರೆಗೆ ಇನ್ನು ಯಾರ ಅಂಕೆ? ಈಗ ಚುಚ್ಚುಮದ್ದಿನಲ್ಲಿ ಆ ವಿಟಮಿನ್ ಕೊಡಬೇಕು. ಅದು ಹೆಚ್ಚಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ, ಸಾಲದಿದ್ದರೆ ರಕ್ತ ನಿಲ್ಲುವುದಿಲ್ಲ. ಸ್ವಲ್ಪ ಕೊಟ್ಟು ಕಾದು ನೋಡೋಣ ಎಂದು ಡಾಕ್ಟರಮ್ಮ ಒಳಗೆ ಹೋದರು.

ಸೊಪ್ಪಿನಕ್ಕ ಹೊರಗಿನ ಬೆಂಚಿನ ಮೇಲೆ ಕೂತಳು. ಕೆಳಗಿನ ಅಡುಗೆಮನೆಯಿಂದ ಪಾತ್ರೆಗಳ ಸದ್ದು ಕೇಳುತ್ತಿತ್ತು. ಮೈಯೆಲ್ಲ ಕಣ್ಣಾಗಿ ಕಾದು, ಗಂಡನನ್ನು ತಾನೇ ಇಲ್ಲಿಗೆ ತಂದು ಮಲಗಿಸಿದೆನಲ್ಲ ಎಂದುಕೊಂಡಳು. ಒಳಗಿಂದ ಯಾರೇ ಬಂದರೂ ಎದ್ದು ನಿಲ್ಲುವಳು, ಅವರ ಮುಖ ನೋಡಲು ಮಾತ್ರ ಧೈರ್ಯ ಸಾಲದು.

ಸಂಜೆಗೆ ರಕ್ತ ನಿಂತಿತು. ಮರುದಿನದಿಂದ ಮೆತ್ತಗಿನ ಊಟದ ಜೊತೆ ತಪ್ಪದೆ ಒಂದು ಬಟ್ಟಲು ಸೊಪ್ಪು ಎಂದು ಡಾಕ್ಟರಮ್ಮ ಚೀಟಿ ಕಳಿಸಿದರು. ಮಧ್ಯಾಹ್ನ ತಟ್ಟೆ ಬಂತು. ಬಟ್ಟಲು ಖಾಲಿ.

ಅವಳು ತಟ್ಟೆ ಹಿಡಿದುಕೊಂಡೇ ದಡದಡ ಮೆಟ್ಟಿಲಿಳಿದಳು. ಅವಳ ಜಾಗದಲ್ಲಿ ಬಡಿಸುತ್ತಿದ್ದ ಹೆಂಗಸು ಗಾಬರಿಯಾದಳು.

"ಚೀಟಿ ನೋಡಿದೆ ಅಕ್ಕ. ಆದ್ರೆ ಭಾವನೋರು ತಗೊಳ್ಳೋದು ರಕ್ತದ ಮಾತ್ರೆ ಅಲ್ವಾ, ಅನುಮಾನ ಬಂತು, ಬಿಟ್ಟೆ. ನೀವೇ ತಾನೇ ಹೇಳಿಕೊಟ್ಟಿದ್ದು?"

ಬೈಯಲೆಂದೇ ಬಂದವಳು ತಟ್ಟೆಯನ್ನು ಕಟ್ಟೆಯ ಮೇಲಿಟ್ಟಳು. "ಇನ್ಮೇಲೆ ಅನುಮಾನ ಬಂದ್ರೆ ಮೇಲೆ ಹೋಗಿ ಕೇಳು," ಎಂದಳು. "ನಾನು ಕೇಳ್ಲಿಲ್ಲ."

ಬೆಂದ ಸೊಪ್ಪನ್ನು ತಾನೇ ಅಳೆದು ಬಟ್ಟಲು ತುಂಬಿಸಿಕೊಂಡು ಮೇಲೆ ಹೋದಳು. ಚಮಚ ಅವನ ಬಾಯಿಯ ಹತ್ತಿರ ಬಂದಾಗ ಅವಳ ಕೈ ಅಲ್ಲೇ ನಿಂತಿತು. ಅವನು ಚಮಚವನ್ನೂ ಅವಳ ಮುಖವನ್ನೂ ನೋಡಿದ.

"ಅಂತೂ ಬೀಗ ತೆಗೆದ್ಯಲ್ಲೇ," ಎಂದು ಬಾಯಿ ತೆರೆದ.

ಅಷ್ಟು ಹೊತ್ತೂ ಬಾರದಿದ್ದ ಅಳು ಅವಳಿಗೆ ಆಗ ಬಂತು.