ಒಂದೇ ಶಾಲೆಗೆ ಸಹಿ

ಹೊಗೆಸೊಪ್ಪಿನ ಊರು ಹಾರ್ಲೋದಲ್ಲಿ, ಕಪ್ಪು ಜನರ ಪ್ರೌಢಶಾಲೆಯಲ್ಲಿ, ಲೂಷಸ್ ಪೆಟಿಫರ್ಡ್ ಇಪ್ಪತ್ತಮೂರು ವರ್ಷ ರಸಾಯನಶಾಸ್ತ್ರ ಕಲಿಸಿದರು. ಊರವರ ಬಾಯಲ್ಲಿ ಅವರು ಪ್ರೊಫೆಸರ್. ಅದೂ ಸವೆದು ಸವೆದು 'ಫೆಸರ್' ಆಗಿತ್ತು. ಪ್ರತಿ ಆಗಸ್ಟಿನಲ್ಲಿ, ಶಾಲೆ ತೆರೆಯುವ ಮೊದಲು, ತರಗತಿಗೆ ಬರಲಿರುವ ಮಕ್ಕಳ ಮನೆಗಳಿಗೆಲ್ಲ ಹೋಗಿಬರುವುದು ಆ ಶಾಲೆಯ ಮೇಷ್ಟರುಗಳ ಪದ್ಧತಿ. ಯಾರ ಅಪ್ಪ ಕುಡಿಯುತ್ತಾನೆ, ಯಾವ ಹುಡುಗಿಗೆ ಕನ್ನಡಕ ಬೇಕು, ಯಾರಿಗೆ ಓದಲು ಮೇಜಿಲ್ಲ, ಎಲ್ಲ ಅವರಿಗೆ ಗೊತ್ತಿತ್ತು. ಕೊಟ್ಟ ಊಟ ಬೇಡವೆನ್ನುವಂತಿರಲಿಲ್ಲ. ಒಂದು ಭಾನುವಾರ ನಾಲ್ಕು ಮನೆಯ ಕರಿದ ಕೋಳಿ ತಿಂದು ಎರಡು ದಿನ ಮಲಗಿದ್ದೂ ಉಂಟು.

೧೯೬೪ರಲ್ಲಿ ಅದೇ ಮನೆಗಳಿಗೆ ಫೆಸರ್ ಬೇರೆ ಕೆಲಸಕ್ಕೆ ಹೋದರು. ಬಿಳಿಯರಿಗೂ ಕಪ್ಪು ಜನರಿಗೂ ಒಂದೇ ಶಾಲೆ ಇರಬೇಕೆಂದು ನ್ಯಾಯಾಲಯಕ್ಕೆ ಕೊಡುವ ಅರ್ಜಿಗೆ ತಂದೆತಾಯಿಯರ ಸಹಿ ಬೇಕಿತ್ತು. ಸಹಿ ಮಾಡಿದವರ ಹೆಸರು ಊರಿನ ಪತ್ರಿಕೆಯಲ್ಲಿ ಬರುತ್ತದೆ, ಬಂದ ಮೇಲೆ ಕೆಲಸ ಉಳಿಯುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ಫೆಸರ್ ತಾವು ಮಾತ್ರ ಸಹಿ ಮಾಡಲಿಲ್ಲ. ಮೇಷ್ಟರ ಹೆಸರು ಕಂಡರೆ ಅಂದೇ ಮನೆಗೆ ಕಳಿಸುತ್ತಾರೆ, ಆಮೇಲೆ ಹೊಸ ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಯಾರಿದ್ದಾರೆ ಎಂದು ಅರ್ಜಿ ಬರೆದ ವಕೀಲರೇ ತಡೆದಿದ್ದರು.

"ಎರಡು ಶಾಲೆ ಸೇರಿ ಒಂದಾದ್ರೆ ಕೆಮಿಸ್ಟ್ರಿ ಮೇಷ್ಟ್ರು ಎಷ್ಟು ಜನ ಬೇಕು, ಫೆಸರ್?" ಎಂದು ಕ್ಷೌರದ ಅಂಗಡಿಯ ಓಜೆಲ್ ಕೇಳಿದ.

"ಮಕ್ಕಳು ಎರಡು ಪಟ್ಟು ಆಗ್ತಾರೆ, ಮೇಷ್ಟ್ರೂ ಇಬ್ಬರು. ಕೂಡೋ ಲೆಕ್ಕ ಕಣೋ."

"ನಿಮ್ಮ ಲೆಕ್ಕ ಸರಿಯಾಗೇ ಇದೆ. ಆದ್ರೆ ಲೆಕ್ಕ ಹಾಕೋರು ಅವರಲ್ವಾ? ತಲೆ ಅಲ್ಲಾಡಿಸ್ಬೇಡಿ, ಕಿವಿ ಹೋದೀತು."

ಎಸ್ಸೀ ರಫಿನ್ ಒಬ್ಬ ಬಿಳಿಯ ವ್ಯಾಪಾರಿಯ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಗಂಡ ಇರಲಿಲ್ಲ. ಮಗಳು ವರ್ಲೀನಳಿಗೆ ಆಗ ಹನ್ನೊಂದು ವರ್ಷ, ಲೆಕ್ಕದಲ್ಲಿ ಚುರುಕು. ಎಸ್ಸೀ ಫೆಸರ್ ತಂದ ಅರ್ಜಿಯನ್ನು ಎರಡು ಸಲ ಓದಿದಳು.

"ಅಲ್ಲಿ ಇವಳಿಗೆ ಯಾರು ದಿಕ್ಕು, ಫೆಸರ್? ನೀವಿರ್ತೀರಾ?"

"ಇರ್ತೀನಮ್ಮ. ಇವಳಿಗೆ ಕೆಮಿಸ್ಟ್ರಿ ನಾನೇ ಕಲಿಸ್ತೀನಿ."

"ಹಂಗಾದ್ರೆ ಪೆನ್ನು ಕೊಡಿ."

ಮೂರನೆಯ ದಿನ ಅವಳ ಕೆಲಸ ಹೋಯಿತು. ಅಂದಿನಿಂದ ಅವಳು ಗೋದಾಮಿನಲ್ಲಿ ಹೊಗೆಸೊಪ್ಪಿನ ನಾರು ಬಿಡಿಸುವ ಕೂಲಿಗೆ ಹೋದಳು. ಫೆಸರ್ ಎದುರಾದರೆ ಮೊದಲಿನಂತೆಯೇ ನಗುತ್ತಿದ್ದಳು, ದೂರಿನ ಒಂದು ಮಾತೂ ಆಡಲಿಲ್ಲ.

ನ್ಯಾಯಾಲಯದ ಆದೇಶ ಬಂದದ್ದು ಐದು ವರ್ಷದ ನಂತರ, ೧೯೬೯ರ ಬೇಸಿಗೆಯಲ್ಲಿ. ಅಷ್ಟರಲ್ಲಿ ಊಟದ ಹೋಟೆಲು, ಬಸ್ಸಿನ ಸೀಟು, ಮತಗಟ್ಟೆ ಎಲ್ಲ ಕಪ್ಪು ಜನರಿಗೂ ತೆರೆದಿದ್ದವು. ಹುಡುಗರು ಕೂದಲನ್ನು ಗುಂಡಗೆ ಬೆಳೆಸಿಕೊಂಡಿದ್ದರು, ಓಜೆಲನ ಕತ್ತರಿಗೆ ಕೆಲಸ ಕಡಿಮೆಯಾಗಿತ್ತು. ಇನ್ನು ಊರಿಗೆ ಒಂದೇ ಶಾಲೆ, ಅದು ಬಿಳಿಯರ ಶಾಲೆ. ಕಪ್ಪು ಜನರ ಶಾಲೆಯ ಕಟ್ಟಡ ಬಸ್ಸುಗಳ ದುರಸ್ತಿಗೆ ಹೋಯಿತು.

ಶಾಲೆಗಳ ಅಧಿಕಾರಿ ಹ್ಯಾಸ್ಕೆಟ್ ಫೆಸರನ್ನು ಕರೆಸಿದ. ಇಪ್ಪತ್ತಮೂರು ವರ್ಷ "ಬಾ ಲೂಷಸ್, ಹೋಗು ಲೂಷಸ್" ಎಂದವನು ಅಂದು ಎದ್ದು ನಿಂತ.

"ಕೂತ್ಕೊಳ್ಳಿ, ಮಿಸ್ಟರ್ ಪೆಟಿಫರ್ಡ್. ನಿಮ್ಮನ್ನ ಪುಸ್ತಕದ ಕೋಣೆಯ ಮೇಲ್ವಿಚಾರಕರನ್ನಾಗಿ ಮಾಡಿದ್ದೀವಿ. ಸಂಬಳದಲ್ಲಿ ಒಂದು ಸೆಂಟೂ ಕಡಿಮೆ ಇಲ್ಲ."

"ರಸಾಯನಶಾಸ್ತ್ರ?"

"ಅದಕ್ಕೆ ನಮ್ಮ ಕೋಲ್‌ಬರ್ನ್ ಇದ್ದಾರಲ್ಲ. ತಂದೆತಾಯಿಗಳೂ ಒಪ್ಪಬೇಕು, ನಿಮಗೆ ಗೊತ್ತಿರೋದೇ."

ಯಾರ ತಂದೆತಾಯಿಗಳು ಎಂದು ಫೆಸರ್ ಕೇಳಲಿಲ್ಲ. ಕೋಲ್‌ಬರ್ನ್ ಪಾಠ ಮಾಡಲು ಶುರುಮಾಡಿ ಎರಡು ವರ್ಷವಾಗಿತ್ತು. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟು ಎಲ್ಲಿಗೆ ಹೋಗುವುದು? ಕಟ್ಟಡದೊಳಗಾದರೂ ಇರುತ್ತೇನೆ ಎಂದುಕೊಂಡು ಒಪ್ಪಿದರು. ಆ ಆಗಸ್ಟಿನಲ್ಲಿ ಅವರು ಯಾರ ಮನೆಗೂ ಹೋಗಲಿಲ್ಲ. ಹೋಗಲು ಅವರಿಗೆ ತರಗತಿಯೇ ಇರಲಿಲ್ಲ.

ಅವರು ಹಳೆಯ ಶಾಲೆಯಲ್ಲಿ ರಸಾಯನಶಾಸ್ತ್ರಕ್ಕೆಂದು ತಯಾರು ಮಾಡಿ ಕಳಿಸಿದ್ದವರು ಹದಿನಾಲ್ಕು ಮಕ್ಕಳು. ಹೊಸ ಶಾಲೆ ಅವರಿಗೊಂದು ಪರೀಕ್ಷೆಯಿಟ್ಟು ಹದಿಮೂರು ಮಂದಿಯನ್ನು ನೆಲಮಾಳಿಗೆಯ ಸಾಮಾನ್ಯ ವಿಜ್ಞಾನಕ್ಕೆ ಹಾಕಿತು. ರಸಾಯನಶಾಸ್ತ್ರದ ಪಟ್ಟಿಯಲ್ಲಿ ಉಳಿದದ್ದು ವರ್ಲೀನ್ ಒಬ್ಬಳೇ.

ಅಕ್ಟೋಬರಿನ ಒಂದು ಮಧ್ಯಾಹ್ನ ಅವಳು ಪುಸ್ತಕದ ಕೋಣೆಯ ಕಿಟಕಿಗೆ ಬಂದು ರಸಾಯನಶಾಸ್ತ್ರದ ಪುಸ್ತಕವನ್ನು ಒಳಗೆ ತಳ್ಳಿದಳು.

"ಏನಮ್ಮ ಇದು?"

"ಬಿಟ್ಟೆ, ಫೆಸರ್. ನಾನೂ ಕೆಳಗೇ ಹೋಗ್ತೀನಿ."

"ಪಾಠ ಅರ್ಥ ಆಗ್ತಿಲ್ವಾ?"

"ಪಾಠ ಸಲೀಸು. ಪ್ರಯೋಗಕ್ಕೆ ಜೊತೆಗೆ ಯಾರೂ ನಿಂತ್ಕೊಳ್ಳಲ್ಲ. ಆರು ವಾರದಲ್ಲಿ ಆ ಮೇಷ್ಟ್ರು ಒಂದು ಸಲಾನೂ ನನ್ನ ಹೆಸರು ಕರೆದಿಲ್ಲ. ಕೈ ಎತ್ತಿ ಎತ್ತಿ ಸಾಕಾಯ್ತು."

"ಸಂಜೆ ಇಲ್ಲಿಗೆ ಬಾ, ನಾನು ಹೇಳ್ಕೊಡ್ತೀನಿ."

"ಕೊನೇ ಬಸ್ಸು ಮೂರೂವರೆಗೆ."

"ಹಾಗಾದ್ರೆ ಮನೆಗೇ ಬರ್ತೀನಿ."

ವರ್ಲೀನ್ ತಲೆಯೆತ್ತಿ ನೋಡಿದಳು.

"ಬೇಡ, ಫೆಸರ್. ನೀವು ಬಂದ್ರೆ ಅಮ್ಮ ಏನೂ ಅನ್ನಲ್ಲ. ಹೊಗೆಸೊಪ್ಪಿನ ಕೈ ತೊಳ್ಕೊಂಡು ಬಂದು ಊಟಕ್ಕೆ ಇಡ್ತಾಳೆ. ಅದನ್ನ ನನಗೆ ನೋಡೋಕಾಗಲ್ಲ."

ಫೆಸರ್ ಅವಳ ಪುಸ್ತಕವನ್ನು ತೆಗೆದು ಕಪಾಟಿನಲ್ಲಿಟ್ಟರು. ಅವಳು ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಳು. ಸಾಲಿನಲ್ಲಿ ಹಿಂದೆ ನಿಂತಿದ್ದ ಬಿಳಿಯ ಹುಡುಗಿ ಭೂಗೋಳದ ಪುಸ್ತಕ ಕೇಳಿದಳು, ಅವರು ಎತ್ತಿಕೊಟ್ಟರು.

ಆ ವರ್ಷ ಹಾರ್ಲೋದ ಕಪ್ಪು ಮಕ್ಕಳಲ್ಲಿ ಒಬ್ಬರೂ ರಸಾಯನಶಾಸ್ತ್ರ ಓದಲಿಲ್ಲ. ಫೆಸರ್ ಇನ್ನೂ ಹತ್ತು ವರ್ಷ, ಒಂದು ದಿನವೂ ರಜೆ ಹಾಕದೆ, ಆ ಕಿಟಕಿಯ ಹಿಂದೆ ಕುಳಿತಿದ್ದರು.