ಅವ್ವನ ಮುಷ್ಟಿಯಲ್ಲಿದ್ದ ಮೆಣಸಿನಕಾಯಿ

ನಮ್ಮ ಮನೆಯ ಬಗ್ಗೆ ಯಾರು ಕೇಳಿದರೂ ನಾನು ಮೊದಲು ಹೇಳುತ್ತಿದ್ದ ಮಾತು, "ಗಾಳಿ ಬೆಳಕು ಭಾಳ ಚೊಲೊ ಐತ್ರಿ" ಎಂಬುದು. ಬೆಳಕಿನ ಬಗ್ಗೆ ನನಗೆ ಈಗಲೂ ತಕರಾರಿಲ್ಲ. ಗಾಳಿಯ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ.

ನಾನು ಬೆಳೆದದ್ದು ತೆಲುಗು ಸೀಮೆಯ ರಾಜಧಾನಿಯಲ್ಲಿ, ಮೆಹದಿಪಟ್ಟಣದ ಒಂದು ಬಾಡಿಗೆ ಮನೆಯಲ್ಲಿ. ಅಲ್ಲಿದ್ದ ಒಂದೇ ಕಿಟಕಿ ತೆರೆದರೆ ಪಕ್ಕದ ಮನೆಯವರ ಗೋಡೆ ಕಾಣುತ್ತಿತ್ತು. ಅಪ್ಪ ಆ ಗೋಡೆಗೇ ಕ್ಯಾಲೆಂಡರ್ ನೇತುಹಾಕಿದ್ದರು. ಕಿಟಕಿಯಿಂದ ಕೈಚಾಚಿದರೆ ತಿಂಗಳು ಹರಿಯಬಹುದಿತ್ತು. ಹೀಗೆ ಬೆಳೆದವನಿಗೆ ನಾಲ್ಕೂ ಕಡೆ ಕಿಟಕಿಯಿರುವ ಮನೆ ಅರಮನೆಯೇ ಸೈ. ಪಟಾನ್‌ಚೆರುವಿನಲ್ಲಿ, ಊರಿನ ಅಂಚಿಗೆ, ನಾನು ಕೊಂಡ ಆ ಮನೆ ತೋರಿಸಿದ ದಲ್ಲಾಳಿ ಪಡುವಣ ಕಿಟಕಿ ತೆರೆದು, "ಕ್ಯಾ ಹವಾ ಹೈ, ಸಾಬ್" ಎಂದ. ಹವಾ ನಿಜಕ್ಕೂ ಚೆನ್ನಾಗಿತ್ತು. ಆದರೆ ಆಗ ಬೆಳಗಿನ ಹೊತ್ತು. ಆ ಕಡೆಯ ಕೆಲವು ಔಷಧ ಕಾರ್ಖಾನೆಗಳದು ಮಹಾ ಸಂಕೋಚದ ಸ್ವಭಾವ, ಹಗಲಿನಲ್ಲಿ ನಾಲ್ಕು ಜನರ ಎದುರಿಗೆ ಉಸಿರು ಬಿಡುವುದಿಲ್ಲ ಎಂಬುದು ನನಗೆ ತಿಳಿದದ್ದು ಗೃಹಪ್ರವೇಶದ ಊಟ ಮುಗಿದು ಸಂಜೆಯಾದ ಮೇಲೆ.

ಅದು ಎಂಥ ವಾಸನೆ ಎಂದು ಕೇಳಿದರೆ ಹೇಳುವುದು ಕಷ್ಟ. ನಮ್ಮ ಹಿರಿಯರು ರುಚಿಗಳಿಗೆ ಸಿಹಿ, ಹುಳಿ, ಒಗರು ಎಂದು ಚೆಂದದ ಹೆಸರಿಟ್ಟರು. ಮೂಗಿನ ವಿಷಯದಲ್ಲಿ ಮಾತ್ರ ಜಿಪುಣತನ ಮಾಡಿದರು. ಒಂದು ದಿನ ಅದು ಕೊಳೆತ ಕೋಸಿನಂತಿರುತ್ತಿತ್ತು, ಇನ್ನೊಂದು ದಿನ ಉಗುರಿನ ಬಣ್ಣದ ಶೀಶೆ ಒಡೆದಂತೆ. ಒಮ್ಮೆ ಧೈರ್ಯ ಮಾಡಿ ಸಂಬಂಧಪಟ್ಟ ಕಚೇರಿಯೊಂದಕ್ಕೆ ಫೋನ್ ಮಾಡಿದೆ. "ಎಲಾಂಟಿ ವಾಸನ, ಸಾರ್?" ಎಂಥ ವಾಸನೆ ಎಂದು ತೆಲುಗಿನಲ್ಲಿ ಕೇಳಿದರು ಆ ಕಡೆಯವರು. ಕೊಳೆತ ಕೋಸಿನ ವಾಸನೆ ಎಂದೆ. ಅವರು ಬಹಳ ಸೌಜನ್ಯದಿಂದ, ಹತ್ತಿರದಲ್ಲಿ ತರಕಾರಿ ಮಾರ್ಕೆಟ್ ಇದೆಯೇ ನೋಡಿ ಎಂದು ಸಲಹೆ ಕೊಟ್ಟು ಫೋನ್ ಇಟ್ಟರು. ನಮ್ಮ ಪ್ರಾಚೀನ ತಾರ್ಕಿಕರನ್ನು ಕೇಳಿದ್ದರೂ ಇದಕ್ಕಿಂತ ಹೆಚ್ಚಿನ ಪ್ರಯೋಜನವಾಗುತ್ತಿರಲಿಲ್ಲ. ಅವರ ಪ್ರಕಾರ ವಾಸನೆ ಮಣ್ಣಿನ ಗುಣ. ಗಾಳಿಗೆ ಸ್ಪರ್ಶ ಉಂಟೇ ಹೊರತು ವಾಸನೆಯಿಲ್ಲ. ಅವರಲ್ಲಿ ಯಾರೂ ಪಟಾನ್‌ಚೆರುವಿನಲ್ಲಿ ಮನೆ ಕೊಂಡಿರಲಾರರು.

ಆದರೆ ಮೂಗಿನಂಥ ಹೊಂದಿಕೊಂಡು ಹೋಗುವ ಅಂಗ ಇನ್ನೊಂದಿಲ್ಲ. ಸರ್ಕಾರಿ ನೌಕರಿಯಲ್ಲಿ ನಾನು ಕಲಿಯಲು ವರ್ಷಗಳು ಹಿಡಿದ ಪಾಠವನ್ನು ಅದು ಒಂದೇ ಮಳೆಗಾಲದಲ್ಲಿ ಕಲಿತುಬಿಟ್ಟಿತು. ವಾಸನೆ ಬರುತ್ತಿದೆ ಎಂಬುದನ್ನು ಗಮನಿಸುವುದನ್ನೇ ಬಿಟ್ಟಿತು. ಸಂಜೆ ಮನೆಗೆ ಬಂದ ನೆಂಟರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರೆ, ಪಾಪ, ಇವರಿಗೆ ನಮ್ಮ ಮನೆ ಕಂಡು ಹೊಟ್ಟೆಕಿಚ್ಚು ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಹೊಂದಿಕೊಳ್ಳದೆ ಹಟ ಹಿಡಿದದ್ದು ನನ್ನ ಮಗಳು ರಶ್ಮಿಯ ಎದೆ. ಮೂರನೆಯ ಕ್ಲಾಸಿನ ಹುಡುಗಿ. ಮೊದಲು ಕೆಮ್ಮು ಶುರುವಾಯಿತು, ಆಮೇಲೆ ಉಬ್ಬಸ. ನಾನು ಕಾರಣ ಹುಡುಕತೊಡಗಿದೆ. ಮೊದಲ ಆರೋಪಿ ಫ್ರಿಜ್ಜಿನ ನೀರು. ನೀರು ನಿಲ್ಲಿಸಿದರೂ ಕೆಮ್ಮು ನಿಲ್ಲಲಿಲ್ಲ. ಆಮೇಲೆ ಮೊಸರು, ಬಾಳೆಹಣ್ಣು, ಸ್ಕೂಲಿನ ಹೊರಗೆ ಮಾರುವ ಸೀಬೆಕಾಯಿ, ಫ್ಯಾನು, ತಲೆಸ್ನಾನ ಎಲ್ಲವನ್ನೂ ಒಂದೊಂದಾಗಿ ಹಿಡಿದು ಶಿಕ್ಷೆ ಕೊಟ್ಟೆ. ಆ ಮಗು ಮೊಸರನ್ನ ಕಂಡು ಎಷ್ಟೋ ದಿನವಾಗಿತ್ತು. ಡಾಕ್ಟರು ಔಷಧ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. ಎಲ್ಲಿರುತ್ತೀರಿ ಎಂದು ಕೇಳಿ, ನಾನು ಹೆಮ್ಮೆಯಿಂದ ಹೇಳಿದ ವಿಳಾಸ ಕೇಳಿಸಿಕೊಂಡು, "ಜಾಗ ಬದಲಾಯಿಸಿ ನೋಡಿ" ಎಂದರು. ನಾನು ಮನೆಗೆ ಬಂದು ಅವಳ ಮಂಚವನ್ನು ದಕ್ಷಿಣದ ಗೋಡೆಯಿಂದ ಉತ್ತರದ ಗೋಡೆಗೆ ಸರಿಸಿದೆ. ಆ ಪಂಪಿನೊಳಗಿನ ಔಷಧವನ್ನು ತಯಾರಿಸಿದ ಕಾರ್ಖಾನೆಯೂ ನಮ್ಮ ಕಿಟಕಿಯ ಆಚೆಯದೇ ಇದ್ದರೂ ಇರಬಹುದು.

ನಗುತ್ತ ಹೇಳುತ್ತಿದ್ದೇನೆ, ಆದರೆ ಆಗ ನಗು ಇರಲಿಲ್ಲ. ರಶ್ಮಿ ಮಲಗಲಾರದೆ ದಿಂಬು ಅಪ್ಪಿಕೊಂಡು ಕೂತು, ಒಂದೊಂದು ಉಸಿರನ್ನೂ ಬಾವಿಯಿಂದ ಸೇದುವ ಹಾಗೆ ಸೇದುತ್ತಿದ್ದರೆ ನಾನು ಪಂಪು ಹಿಡಿದು ಪಕ್ಕದಲ್ಲೇ ಬೆಳಗು ಮಾಡುತ್ತಿದ್ದೆ. ಹೆಂಡತಿ ಸುಜಾತಾ, "ಈ ಮನಿ ಬಿಡೂಣ್ರಿ, ಸಾಕು" ಎಂದು ಎಷ್ಟೋ ಸಲ ಹೇಳಿದಳು. ನಾಲ್ಕು ಕಡೆ ಕಿಟಕಿಯಿರುವ ಮನೆ ಬಿಡುವುದೆಂದರೇನು ಎಂದು ನಾನು ರೇಗುತ್ತಿದ್ದೆ. ಆ ಕಿಟಕಿಗಳನ್ನೆಲ್ಲ ಸಂಜೆ ಐದಕ್ಕೇ ಮುಚ್ಚಿ, ಬಟ್ಟೆ ತುರುಕಿ ಕೂರುತ್ತಿದ್ದೆವು ಎಂಬುದು ಬೇರೆ ಮಾತು.

ಸುದ್ದಿ ತಿಳಿದು ಮೆಹದಿಪಟ್ಟಣದ ಅಣ್ಣನ ಮನೆಯಿಂದ ಅವ್ವ ಬಸ್ಸು ಹತ್ತಿ ಬಂದಳು. ಕಲಬುರಗಿ ಕಡೆಯಿಂದ ಮದುವೆಯಾಗಿ ಬಂದು ಈ ಊರಲ್ಲಿ ಒಂದು ಜೀವಮಾನ ಕಳೆದರೂ ಅವಳ ಮಾತಾಗಲಿ ನಂಬಿಕೆಯಾಗಲಿ ಒಂದೆಳೆಯೂ ಸಡಿಲವಾಗಿಲ್ಲ. ಮೊಮ್ಮಗಳ ಮುಖ ನೋಡಿದ್ದೇ, "ಕೂಸಿಗೆ ನದರ ಆಗೈತಿ. ಮನಿ ದೊಡ್ಡದು ಕಂಡು ಯಾರೋ ಕಣ್ಣ ಹಾಕ್ಯಾರ" ಎಂದಳು. ನನಗೆ ಈ ತೀರ್ಮಾನ ಬಹಳ ಹಿಡಿಸಿತು. ಕಾರ್ಖಾನೆಯ ದೋಷವಾದರೆ ಮನೆ ಬಿಡಬೇಕು. ನೆಂಟರ ಕಣ್ಣಿನ ದೋಷವಾದರೆ ಮೂರು ಮೆಣಸಿನಕಾಯಿಯಲ್ಲಿ ಮುಗಿಯುತ್ತದೆ.

ದೃಷ್ಟಿ ತೆಗೆಯುವ ಕ್ರಮ ನಿಮಗೂ ಗೊತ್ತಿದ್ದೀತು. ಒಣ ಮೆಣಸಿನಕಾಯಿ, ಉಪ್ಪು ಮುಷ್ಟಿಯಲ್ಲಿ ಹಿಡಿದು ಮಗುವಿನ ಮುಖದ ಸುತ್ತ ಸುಳಿದು ಬೆಂಕಿಗೆ ಹಾಕಬೇಕು. ಘಾಟು ಎದ್ದು ಎಲ್ಲರೂ ಕೆಮ್ಮಿದರೆ ದೃಷ್ಟಿ ಆಗಿಲ್ಲ. ಘಾಟು ಏಳದಿದ್ದರೆ ಆಗಿದೆ, ಅದನ್ನು ಬೆಂಕಿ ತಿಂದುಹಾಕಿದೆ ಎಂದು ಅರ್ಥ. ಎರಡರಲ್ಲಿ ಯಾವುದಾದರೂ ಮನೆಯವರಿಗೆ ಸಮಾಧಾನವೇ. ಇಂಥ ನಷ್ಟವಿಲ್ಲದ ಪರೀಕ್ಷೆ ಯಾವ ಲ್ಯಾಬಿನಲ್ಲೂ ಇಲ್ಲ.

ಅವ್ವ ಹೊತ್ತು ಮುಳುಗುವಾಗ ರಶ್ಮಿಯನ್ನು ನಡುಮನೆಯಲ್ಲಿ ಕೂರಿಸಿ ಸುಳಿದಳು. ಗ್ಯಾಸಿನ ಒಲೆ ಈ ಕೆಲಸಕ್ಕೆ ಬರುವುದಿಲ್ಲವೆಂದು ಹಿತ್ತಿಲಲ್ಲಿ ಒಂದು ಶೆಗಡಿಯಲ್ಲಿ ಇದ್ದಿಲು ತುಂಬಿಟ್ಟಿದ್ದಳು. ಮುಷ್ಟಿ ಬಿಗಿದುಕೊಂಡು, ಹಿಂದಿರುಗಿ ನೋಡದೆ ಹಿತ್ತಿಲ ಬಾಗಿಲು ತೆರೆದು ಹೋದಳು. ನಾವು ಮೂವರೂ ಉಸಿರು ಬಿಗಿಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ಬಂತು ನೋಡಿ ಘಾಟು. ಮೊದಲು ನನ್ನ ಗಂಟಲು ಕೆರೆಯಿತು, ಸುಜಾತಾಳ ಕಣ್ಣಲ್ಲಿ ನೀರು ಇಳಿಯಿತು, ರಶ್ಮಿ ಬಗ್ಗಿ ಬಗ್ಗಿ ಕೆಮ್ಮಿದಳು. ನಾನು ಕೆಮ್ಮಿನ ನಡುವೆಯೇ ಹಿಗ್ಗಿ ಹೀರೇಕಾಯಿಯಾದೆ. "ನೋಡು, ನದರೂ ಇಲ್ಲ ಏನೂ ಇಲ್ಲ. ಹುಡುಗಿ ಗಟ್ಟಿ ಅದಾಳ" ಎಂದು ಹೆಂಡತಿಗೆ ಹೇಳುತ್ತಿದ್ದೆ.

ಆಗ ಅವ್ವ ಬಾಗಿಲಲ್ಲಿ ಬಂದು ನಿಂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಸುಜಾತಾ, ಬ್ಯಾರೆ ಕಡ್ಡಿಪೆಟ್ಟಿಗಿ ಎಲ್ಲೈತಿ? ಇದರಾಗಿನ ಕಡ್ಡಿ ಒಂದೂ ಹತ್ತವಲ್ವು. ನಾ ಇನ್ನ ಬೆಂಕೀನ ಹಚ್ಚಿಲ್ಲ, ನೀವೆಲ್ಲಾ ಯಾಕ ಕೆಮ್ಮಾಕತ್ತೀರಿ?"

ಬಲಗೈ ಮುಷ್ಟಿ ಬಿಚ್ಚಿದಳು. ಮೂರು ಮೆಣಸಿನಕಾಯಿಯೂ ಕೆಂಪಗೆ, ಇದ್ದ ಹಾಗೇ ಇದ್ದವು.

ರಶ್ಮಿಯ ಎದೆಯ ಸುಂಯ್ ಸುಂಯ್ ಮಾತ್ರ ಕೇಳುತ್ತಿತ್ತು. ಫ್ರಿಜ್ಜಿನ ನೀರು, ಮೊಸರು, ಸೀಬೆಕಾಯಿ ಎಲ್ಲ ಸಾಲಾಗಿ ನಿಂತು ನನ್ನ ಮುಖ ನೋಡುತ್ತಿದ್ದಂತೆ ಅನಿಸಿತು. ನನಗೆ ಅಳು ಬಂತು. ಕಣ್ಣಲ್ಲಿ ಮೊದಲೇ ನೀರಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ಅವ್ವ ಬಾಗಿಲು ಹಾಕಿ ಬಂದು ಮೊಮ್ಮಗಳ ಬೆನ್ನು ನೀವುತ್ತ, "ಇದು ಮಂದಿ ಕಣ್ಣಲ್ಲೋ ತಮ್ಮಾ. ಮೊದಲ ಈ ಮನಿ ಬಿಡು" ಎಂದಳು.

ಬಿಟ್ಟೆವು. ಊರಿನ ಇನ್ನೊಂದು ತುದಿಗೆ, ಕುಷಾಯಿಗೂಡದಲ್ಲಿ ಬಾಡಿಗೆಗೆ ಹೋದೆವು. ಎರಡೇ ಕಿಟಕಿ. ರಶ್ಮಿ ಮಲಗಿ ನಿದ್ದೆ ಮಾಡತೊಡಗಿದಳು. ಅವಳ ತಟ್ಟೆಗೆ ಮೊಸರನ್ನ ವಾಪಸಾಯಿತು. ನಾನು ಆಗಲೇ ಆಫೀಸಿನಲ್ಲಿ, "ಗಾಳಿ ಭಾಳ ಚೊಲೊ ಐತ್ರಿ" ಎಂದು ಶುರುಮಾಡಿದ್ದೆ.

ಚಳಿಗಾಲ ಬರುತ್ತಿದ್ದಂತೆ ಅವ್ವ ಮತ್ತೆ ಬಂದಳು. ಹುಡುಗಿ ಮೈ ತುಂಬಿಕೊಂಡಿದ್ದಾಳೆ, ಈಗ ನದರು ಖಂಡಿತ ಆಗುತ್ತದೆ ಎಂದು ಸಂಜೆ ಅವಳನ್ನು ಕೂರಿಸಿ ಸುಳಿದಳು. ಅಷ್ಟರಲ್ಲಿ ರಶ್ಮಿ ಕೆಮ್ಮಿದಳು. ನಾವೆಲ್ಲ ಒಟ್ಟಿಗೇ ಅವ್ವನ ಮುಷ್ಟಿ ನೋಡಿದೆವು. ಅವ್ವ ಬಿಚ್ಚಿ ತೋರಿಸಿದಳು. ಮೆಣಸಿನಕಾಯಿ ಅಲ್ಲೇ ಇದ್ದವು.

ಕಿಟಕಿಯಿಂದ ನೋಡಿದರೆ ಗಲ್ಲಿಯ ತುದಿಯಲ್ಲಿ ಹೊಗೆ. ಕಾಲೊನಿಯ ಹಿರಿಯರು ಕಸದ ಗುಡ್ಡೆಗೆ ಬೆಂಕಿ ಹಚ್ಚಿ, ಕುರ್ಚಿ ಹಾಕಿಕೊಂಡು ಚಳಿ ಕಾಯಿಸುತ್ತಿದ್ದರು. ನಾನು ಅಭ್ಯಾಸಬಲದಿಂದ ಕಿಟಕಿ ಮುಚ್ಚಲು ಕೈ ಚಾಚಿದೆ. ಮಗಳ ಮುಖ ನೋಡಿ ಕೈ ಹಿಂದಕ್ಕೆ ತೆಗೆದು ಚಪ್ಪಲಿ ಹುಡುಕಿದೆ. ಅವ್ವ ಹಿಂದಿನಿಂದ ಕೂಗಿ ಮೂರು ಮೆಣಸಿನಕಾಯಿಯನ್ನೂ ನನ್ನ ಕೈಗೆ ಹಾಕಿದಳು. "ಹೆಂಗೂ ಹೊಂಟೀದಿ, ಇವನ್ನ ಅದರಾಗ ಹಾಕಿ ಬಾ. ಬ್ಯಾರೆ ಬೆಂಕಿ ಯಾಕ?"

ಹೋಗಿ ನಮಸ್ಕಾರ ಮಾಡಿ, ಮನೆಯಲ್ಲಿ ಉಬ್ಬಸದ ಮಗುವಿದೆ, ದಯವಿಟ್ಟು ಆರಿಸಿ ಎಂದೆ. "ಒಟ್ಟಿ ಆಕುಲೇ, ಸಾರ್" ಎಂದರು ಒಬ್ಬರು. ಬರೀ ಎಲೆಯಂತೆ, ಪ್ಲಾಸ್ಟಿಕ್ ಚೀಲಗಳು ನನ್ನ ಕಣ್ಣೆದುರೇ ಮುದುಡಿ ಕರಗುತ್ತಿದ್ದವು. ಇನ್ನೊಬ್ಬರು, ಈ ಹೊಗೆಗೆ ಸೊಳ್ಳೆ ಓಡುತ್ತದೆ, ಆರೋಗ್ಯಕ್ಕೆ ಒಳ್ಳೆಯದು ಎಂದು ತಿಳಿಹೇಳಿ ನನಗೂ ಒಂದು ಕುರ್ಚಿ ಎಳೆದರು. ಅವರ ಮೂಗೂ ನನ್ನ ಮೂಗಿನ ಹಾಗೇ ಹೊಂದಿಕೊಂಡಿತ್ತು. ನಾನು ವಾದ ಮಾಡಲಿಲ್ಲ. ಅವ್ವ ಹೇಳಿದ ಹಾಗೆ ಮೆಣಸಿನಕಾಯಿಗಳನ್ನು ಅವರ ಬೆಂಕಿಗೆ ಹಾಕಿ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತೆ.

ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಆರೋಗ್ಯದ ಬಗ್ಗೆ ಹೇಳಿದವರೇ ಕಣ್ಣೊರೆಸಿಕೊಳ್ಳುತ್ತ ಓಡಿಹೋಗಿ ಎರಡು ಬಕೆಟ್ ನೀರು ತಂದು ಸುರಿದರು. ಬೆಂಕಿ ಚುಂಯ್ ಎಂದು ಸತ್ತಿತು.

ಮನೆಗೆ ಬಂದಾಗ ರಶ್ಮಿ ಕಿಟಕಿಯ ಪಕ್ಕದಲ್ಲಿ ಕೂತು ಮೊಸರನ್ನ ತಿನ್ನುತ್ತಿದ್ದಳು. ಅವ್ವ ಕೇಳಿದಳು, "ಘಾಟು ಬಂತೇನೋ?"

"ಬಂತವ್ವಾ," ಎಂದೆ, "ಈ ಸಲ ಅವರಿಗೆ ಬಂತು."