ಮನೋಳಿಯಲ್ಲಿ ಕಿವಿ ಹೋದ ಮೇಲೆ

ಮನೋಳಿಯಲ್ಲಿ ಬಾಡಿಗೆಗೆ ಖೋಲಿ ನೋಡಲು ಹೋದಾಗ, ಮನೆಯೊಡತಿ ನೀಲವ್ವ ಬಾಡಿಗೆಯ ಮಾತಿಗೂ ಮುಂಚೆ ಕೇಳಿದ್ದು ಇದು: "ದಿನಾ ದೀಪಾ ಹಚ್ಚತೀರೇನ್ರಿ, ಅಕ್ಕೋರ?"

ಹೌದೆಂದೆ.

"ಹಂಗಾರ ಇರ್ರಿ," ಎಂದು ಬೀಗದಕೈ ಕೊಟ್ಟರು.

ಖೋಲಿ ಎಂದರೆ ಕೋಣೆ. ಅಕ್ಕೋರು ಎಂದರೆ ಶಿಕ್ಷಕಿ. ತೊಂಬತ್ನಾಲ್ಕರಲ್ಲಿ ನಂಜನಗೂಡಿನ ಕಡೆಯಿಂದ ಸರ್ಕಾರಿ ಶಾಲೆಯ ನೌಕರಿಗೆ ಬಂದಿಳಿದ ನನಗೆ ಇದೂ ಕನ್ನಡವೇ ಎಂದು ನಂಬಲು ತಿಂಗಳುಗಳೇ ಬೇಕಾದವು. ಒಬ್ಬ ತಾಯಿ ಬಂದು "ನಮ್ಮ ಹುಡುಗಿಗೆ ಜಡ್ಡ ಆಗೇತ್ರಿ" ಎಂದಾಗ, ನಮ್ಮಲ್ಲಿ ಅಂಗೈಗೆ ಕಟ್ಟುವ ಜಡ್ಡು ಎಂದುಕೊಂಡು "ಎಣ್ಣೆ ಹಚ್ಚಿ" ಎಂದಿದ್ದೆ. ಇಲ್ಲಿ ಜಡ್ಡೆಂದರೆ ಕಾಯಿಲೆ. ಆ ಮಗು ಜ್ವರದಲ್ಲಿ ಬೇಯುತ್ತಿತ್ತು.

ನಮ್ಮಲ್ಲಿ ಮುದ್ದೆ ನುಂಗಿದರಾಯಿತು. ಇಲ್ಲಿ ಜೋಳದ ರೊಟ್ಟಿ ಅಗಿದು ಅಗಿದು ದವಡೆ ನೋಯುತ್ತಿತ್ತು. ಎರಡನೆಯ ವರ್ಷ ನಾನೇ ಬಡಿದ ರೊಟ್ಟಿ ತಿಂದು ನೀಲವ್ವ, "ಈಗ ನಮ್ಮಾಕಿ ಆದ್ರಿ ನೋಡ್ರಿ" ಎಂದರು. ಅಂದು ಎಷ್ಟು ಹಿಗ್ಗಿದ್ದೆ!

ನಾಲ್ಕನೆಯ ವರ್ಷ ಹಿಂದಿನ ಸಾಲಿನ ಮಕ್ಕಳ ದನಿ ಕೇಳಿಸದಾಯಿತು. ಆಮೇಲೆ ಶಾಲೆಯ ಗಂಟೆ. ಹುಬ್ಬಳ್ಳಿಯ ವೈದ್ಯರು ಚೀಟಿಯಲ್ಲಿ ಬರೆದು ತೋರಿಸಿದರು: ನರ ಸಾಯುತ್ತಿದೆ, ಯಂತ್ರದಿಂದ ಉಪಯೋಗವಿಲ್ಲ. ಸುದ್ದಿ ನಮ್ಮೂರು ಮುಟ್ಟಿತು. ನಿಶ್ಚಯವಾಗಿದ್ದ ನನ್ನ ಮದುವೆ ಮುರಿಯಿತು. ಓದುಬರಹ ಬಾರದ ಅವ್ವ ತಮ್ಮನ ಕೈಲಿ ಬರೆಸಿದಳು: "ದೇವರು ನಡೆಸಿದಂಗೆ ನಡಿ ಮಗ." ಕಾಗದವನ್ನು ಒಲೆಗೆ ಹಾಕಿದೆ. ಅಂದಿನಿಂದ ದೀಪ ಹಚ್ಚುವುದನ್ನು ಬಿಟ್ಟೆ.

ವಾರದ ಬಳಿಕ ನೀಲವ್ವ ಬಂದು ಕುಳಿತರು. ಬಲಗಿವಿಯಲ್ಲಿ ಆಗಿನ್ನೂ ಚೂರು ಉಳಿದಿತ್ತು, ಅದಕ್ಕೆ ಬಾಯಿ ಹಚ್ಚಿ, "ಯಾಕ ಬಿಟ್ರಿ?" ಎಂದರು.

"ನನ್ನ ಮೊರೆ ಕೇಳದ ದೇವರಿಗೆ ಯಾಕೆ ಹಚ್ಚಲಿ?" ಎಂದು ಕೂಗಿದೆ.

"ಎರಡ ಮಕ್ಕಳನ ಮಣ್ಣಿಗಿ ಕೊಟ್ಟೇನ್ರಿ ನಾನು. ಯಾಕ ಅಂತ ಕೇಳ್ದೆ. ಅಂವಾ ಏನೂ ಹೇಳಲಿಲ್ಲ. ಮುಂಜಾನಿ ಎದ್ದೆ, ಪೂಜಿ ಮಾಡ್ದೆ."

"ಸಮಾಧಾನ ಆಯಿತೇ?"

"ಇಲ್ರಿ. ನಾ ಹೇಳಿದಂಗ ಅಂವಾ ಕೇಳಬೇಕೇನು? ಆಳು ನಾನು. ಅಂವಾ ಹೇಳಿದಂಗ ನಾ ಕೇಳಬೇಕು."

ನನಗದು ಒಪ್ಪಿಗೆಯಾಗಲಿಲ್ಲ. ಆದರೂ ಮರುದಿನ ಬೆಳಗ್ಗೆ ದೀಪ ಹಚ್ಚಿದೆ. ನಂಬಿಕೆಯಿಂದಲ್ಲ, ಬೇರೆ ಮಾಡುವುದೇನೂ ಉಳಿದಿರಲಿಲ್ಲ. ಎಡಗಿವಿಯ ಹಿಂದೆ ಬಲಗಿವಿಯೂ ಹೋಯಿತು. ಶಾಲೆ ಬಿಟ್ಟ ಮೇಲೆ ನೀಲವ್ವ ಬಾಗಿಲ ಬೆಳಕಿಗೆ ಮುಖ ಮಾಡಿ ಕುಳಿತು ಒಂದೊಂದೇ ಮಾತನ್ನು ನಿಧಾನವಾಗಿ ಆಡುತ್ತಿದ್ದರು, ನಾನು ತುಟಿ ನೋಡಿ ಹಿಡಿಯುತ್ತಿದ್ದೆ. ಐತಿ, ಹೋಗ್ರಿ, ಉಂಡ್ರೇನು. ಒಂದೂವರೆ ವರ್ಷ ಹಿಡಿಯಿತು. ಹೆಡ್‌ಮಾಸ್ತರರು ನನಗೆ ಗಣಿತವನ್ನಷ್ಟೇ ಕೊಟ್ಟರು. ಹಲಗೆಯ ಮೇಲೆ ಬರೆದು ಕಲಿಸಿದೆ. ಸಾಹೇಬರು ತಪಾಸಣೆಗೆ ಬಂದಾಗಲೆಲ್ಲ ನೌಕರಿ ಇಂದಿಗೆ ಮುಗಿಯಿತೆಂದೇ ನಡುಗುತ್ತಿದ್ದೆ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಅವ್ವ ಹಾಸಿಗೆ ಹಿಡಿದಳೆಂದು ತಿಳಿದು ಊರಿಗೆ ಹೋದೆ. ತಮ್ಮ ವೈದ್ಯರನ್ನು ಕರೆತರಲು ಹೋಗಿದ್ದ, ಮನೆಯಲ್ಲಿ ನಾವಿಬ್ಬರೇ. ಅವ್ವ ನನ್ನ ಕೈ ಹಿಡಿದು ಏನೋ ಹೇಳತೊಡಗಿದಳು. ತುಟಿಯನ್ನೇ ನೋಡಿದೆ. ನನ್ನ ಕಣ್ಣು ಕಲಿತದ್ದು ಮನೋಳಿಯ ಮಾತನ್ನು. ನಮ್ಮೂರಿನ ಮಾತಿಗೆ ತುಟಿ ಬೇರೆ ಬಗೆಯಲ್ಲಿ ತೆರೆದು ಬೇರೆ ಬಗೆಯಲ್ಲಿ ಮುಚ್ಚುತ್ತಿತ್ತು. ಒಂದು ಪದವೂ ಸಿಗಲಿಲ್ಲ. ಅವಳು ಮೂರು ಸಲ ಹೇಳಿದಳು. ಮೂರನೆಯ ಸಲ ಅವಳ ಕಣ್ಣಲ್ಲಿ ನೀರು ಕಂಡು, "ಆಯ್ತವ್ವ, ಹಂಗೇ ಮಾಡ್ತೀನಿ" ಎಂದೆ. ಅವಳ ಮುಖ ಸಡಿಲಾಯಿತು. ಮರುದಿನ ತೀರಿಕೊಂಡಳು.

ಊರಿಗೆ ಬಾ ಎಂದಳೋ, ಅಲ್ಲೇ ಇರು ಎಂದಳೋ. ಮಾತಂತೂ ಕೊಟ್ಟಿದ್ದೇನೆ. ಏನೆಂದು ಕೊಟ್ಟೆನೋ ಇಂದಿಗೂ ಗೊತ್ತಿಲ್ಲ.